ಕಡಲ ವಿಜ್ಞಾನಕ್ಕೆ ಯಾವ ಪದವಿ? ಪುಲಿಕೇಶಿನಗರದಿಂದ ಹೊರಡುವವರಿಗೊಂದು ಸಮೀಕ್ಷೆ

ದ್ವಿತೀಯ ಪಿಯು ಫಲಿತಾಂಶ ಬಂದ ಮೇಲೆ ಪುಲಿಕೇಶಿನಗರ, ಕಾಕ್ಸ್ ಟೌನ್, ಹಲಸೂರು, ಇಂದಿರಾನಗರದ ಮನೆಗಳಲ್ಲಿ ನಡೆಯುವ ಮಾತುಕತೆ ಬಹುಪಾಲು ನೀಟ್ ಮತ್ತು ಸಿಇಟಿ ರ‍್ಯಾಂಕಿನ ಸುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಪಿಸಿಎಂಬಿ ಮುಗಿಸಿದ ಮಗಳು 'ನಾನು ಮರೈನ್ ಬಯಾಲಜಿ ಓದುತ್ತೇನೆ' ಎಂದರೆ ಹೆತ್ತವರಿಗೆ ದಿಕ್ಕು ತೋಚುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪೂರ್ವಕ್ಕೆ ಚೆನ್ನೈ, ಪಶ್ಚಿಮಕ್ಕೆ ಮಂಗಳೂರು, ಎರಡೂ ರಸ್ತೆಯಲ್ಲಿ ಹತ್ತಿರ ಹತ್ತಿರ 350 ಕಿಲೋಮೀಟರ್. ಎಲ್ಲಿ ಓದಿಸುವುದು, ಯಾವ ಪದವಿಗೆ ಸೇರಿಸುವುದು, ಓದಿದ ಮೇಲೆ ಕೆಲಸವೇನು ಎಂಬ ಮೂರು ಪ್ರಶ್ನೆಗಳು ಒಟ್ಟಿಗೇ ಎದ್ದು ನಿಲ್ಲುತ್ತವೆ.

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಮೊದಲ ಪದವಿಯ ಹೆಸರಿನಲ್ಲಿ ಕಡಲು ಇರಬೇಕಾಗಿಲ್ಲ. ನಮ್ಮ ದೇಶದಲ್ಲಿ ಕಡಲ ಜೀವಶಾಸ್ತ್ರದ ವಿಶೇಷ ಓದು ಹೆಚ್ಚಾಗಿ ಎಂ.ಎಸ್ಸಿ. ಹಂತದಲ್ಲಿ ಶುರುವಾಗುತ್ತದೆ. ಅದಕ್ಕೆ ಮೊದಲಿನ ಮೂರು ನಾಲ್ಕು ವರ್ಷಗಳಲ್ಲಿ ನೋಡಬೇಕಾದ್ದು ಇಷ್ಟೇ: ಈ ಪದವಿ ಮುಂದೆ ಯಾವ ಬಾಗಿಲನ್ನು ತೆರೆದಿಡುತ್ತದೆ, ಯಾವುದನ್ನು ಮುಚ್ಚುತ್ತದೆ? ಕಾಲೇಜಿನ ಹೆಸರು, ಕಟ್ಟಡ, ಜಾಹೀರಾತು ಎಲ್ಲವೂ ಇದರ ನಂತರ.

ಕಡಲಿಗೆ ಹೋದವರು ಎಲ್ಲಿಂದ ಹೋದರು

ಅಮೆರಿಕದ ರೇಚಲ್ ಕಾರ್ಸನ್ ಬೆಳೆದದ್ದು ಪೆನ್ಸಿಲ್ವೇನಿಯಾದ ಒಳನಾಡಿನಲ್ಲಿ. ಇಂಗ್ಲಿಷ್ ಓದಲು ಕಾಲೇಜು ಸೇರಿ, ಮಧ್ಯದಲ್ಲಿ ಜೀವಶಾಸ್ತ್ರಕ್ಕೆ ಹೊರಳಿಕೊಂಡವರು. ಪದವಿ ಮುಗಿಸಿದ 1929ರ ಬೇಸಿಗೆಯಲ್ಲಿ ವುಡ್ಸ್ ಹೋಲ್‌ನ ಕಡಲ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಹೋದಾಗಲೇ ಅವರು ಮೊದಲ ಬಾರಿಗೆ ಸಮುದ್ರ ಕಂಡದ್ದು. ಆಮೇಲೆ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಸಮುದ್ರದ ಬಗ್ಗೆ ಜಗತ್ತೇ ಓದಿದ ಪುಸ್ತಕಗಳನ್ನು ಬರೆದರು. ಆಳಕಡಲ ಅನ್ವೇಷಕಿಯೆಂದು ಹೆಸರಾದ ಸಿಲ್ವಿಯಾ ಅರ್ಲ್ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದದ್ದು ಪಾಚಿಗಳ ಅಧ್ಯಯನಕ್ಕೆ. ಅಂದರೆ ಅವರ ಬುನಾದಿ ಸಸ್ಯಶಾಸ್ತ್ರ.

ನಮ್ಮಲ್ಲೇ ನೋಡಿ. ಕುಮಟಾ ಬಳಿಯ ಅಘನಾಶಿನಿ ಅಳಿವೆಯ ಚಿಪ್ಪುಜೀವಿಗಳನ್ನು, ಅವನ್ನು ಆಯ್ದು ಬದುಕುವ ಜನರ ದುಡಿಮೆಯನ್ನು ಲೆಕ್ಕಕ್ಕೆ ತಂದ ಅಧ್ಯಯನಗಳಲ್ಲಿ ದುಡಿದ ಎಂ.ಡಿ. ಸುಭಾಷ್ ಚಂದ್ರನ್ ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ಅದೇ ಅಘನಾಶಿನಿ 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಅಳಿವೆಯೊಂದನ್ನು ಅರಿಯಲು ಕಾಂಡ್ಲಾ ಗಿಡ ಬಲ್ಲವರು, ಬಳಚು ಬಲ್ಲವರು, ನೀರಿನ ಉಪ್ಪು ಅಳೆಯುವವರು, ಮೀನುಗಾರರ ಜೊತೆ ಕೂತು ಮಾತಾಡಬಲ್ಲವರು ಎಲ್ಲರೂ ಬೇಕು. ಆದ್ದರಿಂದ ಪದವಿ ಆರಿಸುವ ಹುಡುಗ ಹುಡುಗಿಯರು ಮೊದಲು ಕೇಳಿಕೊಳ್ಳಬೇಕಾದ್ದು, ಕಡಲಿನ ಯಾವ ಸಂಗತಿ ನನ್ನನ್ನು ಸೆಳೆಯುತ್ತಿದೆ ಎಂದು. ಪ್ರಾಣಿಗಳೇ? ಪಾಚಿಗಳೇ? ನೀರಿನ ರಸಾಯನವೇ? ಮೀನುಗಾರಿಕೆಯೇ? ಉತ್ತರ ಇನ್ನೂ ಖಚಿತವಾಗಿಲ್ಲದಿದ್ದರೂ ಪರವಾಗಿಲ್ಲ. ಹಾಗಿದ್ದಾಗ ಹೆಚ್ಚು ಬಾಗಿಲುಗಳನ್ನು ತೆರೆದಿಡುವ ಪದವಿಯೇ ಸೂಕ್ತ.

ಮೊದಲ ದಾರಿ: ಬೆಂಗಳೂರಿನಲ್ಲೇ ಬಿ.ಎಸ್ಸಿ.

ಪುಲಿಕೇಶಿನಗರದಿಂದ ದಿನವೂ ಹೋಗಿಬರಬಹುದಾದ ಕಾಲೇಜುಗಳಿಗೆ ಕೊರತೆಯಿಲ್ಲ. ಲ್ಯಾಂಗ್‌ಫರ್ಡ್ ರಸ್ತೆಯ ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯ, ವಸಂತನಗರದ ಮೌಂಟ್ ಕಾರ್ಮೆಲ್, ಕೊತ್ತನೂರು ಕಡೆಯ ಕ್ರಿಸ್ತು ಜಯಂತಿ, ಹಿಂದಿನ ಸರ್ಕಾರಿ ವಿಜ್ಞಾನ ಕಾಲೇಜಾದ ನೃಪತುಂಗ ವಿಶ್ವವಿದ್ಯಾಲಯ, ಹೆಣ್ಣುಮಕ್ಕಳಿಗಾಗಿ ಮಹಾರಾಣಿ ಕ್ಲಸ್ಟರ್ ವಿಶ್ವವಿದ್ಯಾಲಯ ಎಲ್ಲವೂ ಬಸ್ಸಿನ ದೂರದಲ್ಲಿವೆ.

ಇಲ್ಲಿ ಗಮನಿಸಬೇಕಾದ ಮೊದಲ ವಿಷಯ ಪದವಿಯ ಅವಧಿ. ಕರ್ನಾಟಕ 2021–22ರಲ್ಲಿ ನಾಲ್ಕು ವರ್ಷದ ಪದವಿ ತಂದಿತು. 2024–25ರಿಂದ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳು ಮೂರು ಮುಖ್ಯ ವಿಷಯಗಳಿರುವ ಮೂರು ವರ್ಷದ ಪದವಿಗೆ ಮರಳಿದವು. ದೇಶದೊಳಗೆ ಎಂ.ಎಸ್ಸಿ. ಮಾಡುವವರಿಗೆ ಮೂರು ವರ್ಷ ಸಾಕು. ಅಮೆರಿಕದಂಥ ಕಡೆ ನೇರವಾಗಿ ಸಂಶೋಧನೆಗೆ ಹೋಗುವ ಆಸೆಯಿದ್ದರೆ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಓದನ್ನು ಕೇಳುತ್ತವೆ. ಅಂಥವರು ಇಲ್ಲೇ ಎಂ.ಎಸ್ಸಿ. ಮುಗಿಸಿ ಹೋಗಬೇಕಾದೀತು, ಇಲ್ಲವೇ ನಾಲ್ಕು ವರ್ಷದ ಪದವಿ ಇರುವ ಸಂಸ್ಥೆಯನ್ನೇ ಆರಿಸಬೇಕು.

ಎರಡನೆಯದು ಕಾಂಬಿನೇಷನ್. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಹಳೆಯ ಸಿಬಿಝಡ್ ಈಗ ಮಂಕಾಗಿ ಕಾಣುತ್ತದೆ. ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಜೆನೆಟಿಕ್ಸ್ ಸೇರಿದ ಕಾಂಬಿನೇಷನ್‌ಗಳೇ ಹೊಳಪಿನಿಂದ ಕರೆಯುತ್ತವೆ. ಕಡಲಿಗೆ ಹೋಗುವವರಿಗೆ ನನ್ನ ಸಲಹೆ ಸ್ಪಷ್ಟ: ಪ್ರಾಣಿಶಾಸ್ತ್ರ ಅಥವಾ ಸಸ್ಯಶಾಸ್ತ್ರವನ್ನು ಕೈಬಿಡಬೇಡಿ, ಜೊತೆಗೆ ರಸಾಯನಶಾಸ್ತ್ರವನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಸ್ಪಂಜಿನಿಂದ ತಿಮಿಂಗಿಲದವರೆಗೆ, ಕಡಲಲ್ಲಿ ಮಾತ್ರ ಕಾಣುವ ನಕ್ಷತ್ರಮೀನಿನ ಗುಂಪನ್ನೂ ಸೇರಿಸಿ ಜೀವಿವರ್ಗಗಳನ್ನು ಕ್ರಮವಾಗಿ ಕಲಿಸುವುದು ಪ್ರಾಣಿಶಾಸ್ತ್ರದ ತರಗತಿಯೇ. ಹಲವು ಎಂ.ಎಸ್ಸಿ. ಪ್ರವೇಶಗಳಲ್ಲಿ ಪದವಿಯಲ್ಲಿ ಓದಿದ ವಿಷಯಗಳ ಪಟ್ಟಿ ನೋಡುತ್ತಾರೆ. ಪ್ರಾಣಿಶಾಸ್ತ್ರ ಓದಿದವರಿಗೆ ಅಲ್ಲಿ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಬರೀ ಬಯೋಟೆಕ್ ಓದಿದವರು ಪ್ರತಿ ವಿಶ್ವವಿದ್ಯಾಲಯದ ನಿಯಮವನ್ನೂ ಬಿಡಿಬಿಡಿಯಾಗಿ ನೋಡಿಕೊಳ್ಳಬೇಕಾಗುತ್ತದೆ. ಹಾಗೆಂದು ಬಯೋಟೆಕ್ ವ್ಯರ್ಥವಲ್ಲ. ಒಂದು ಲೋಟ ಕಡಲ ನೀರಿನಲ್ಲಿ ಉಳಿದ ಡಿಎನ್‌ಎ ನೋಡಿ ಅಲ್ಲಿ ಯಾವ ಜೀವಿ ಸುಳಿದಿತ್ತೆಂದು ಹೇಳುವ ವಿಧಾನಗಳು ಈಗ ಬಳಕೆಯಲ್ಲಿವೆ. ಆದರೆ ಆ ಡಿಎನ್‌ಎ ಯಾವ ಜೀವಿಯದೆಂದು ಹೇಳಲು, ಜೀವಿಯನ್ನು ಕಣ್ಣಾರೆ ಗುರುತಿಸಿ ಹೆಸರಿಟ್ಟವರು ಮೊದಲು ಇರಬೇಕು.

ಮೂರನೆಯದು ಲೆಕ್ಕ. ಜೀವಶಾಸ್ತ್ರ ಅಂದರೆ ಗಣಿತದಿಂದ ಬಿಡುಗಡೆ ಎಂದುಕೊಂಡವರಿಗೆ ಕಡಲು ಒಗ್ಗುವುದಿಲ್ಲ. ಮೀನಿನ ಸಂತತಿ ಏರಿತೋ ಇಳಿಯಿತೋ, ಹವಳ ಚೇತರಿಸಿಕೊಂಡಿತೋ ಇಲ್ಲವೋ ಎಂಬುದೆಲ್ಲ ಸಂಖ್ಯಾಶಾಸ್ತ್ರದ ಪ್ರಶ್ನೆಗಳು. ಕಾಲೇಜಿನಲ್ಲಿ ಆ ಪತ್ರಿಕೆ ಇಲ್ಲದಿದ್ದರೆ ಸ್ವಂತವಾಗಿಯಾದರೂ ಕಲಿಯಬೇಕು.

ಕಾಲೇಜಿಗೆ ಸೇರುವ ಮೊದಲು ವಿಭಾಗಕ್ಕೇ ಹೋಗಿ ಕೆಲವು ಪ್ರಶ್ನೆ ಕೇಳಿ. ಪ್ರಾಣಿಶಾಸ್ತ್ರದ ಮ್ಯೂಸಿಯಂ ತೆರೆದಿದೆಯೇ, ಬೀಗ ಹಾಕಿದೆಯೇ? ಸೂಕ್ಷ್ಮದರ್ಶಕ ಎಷ್ಟು ಜನಕ್ಕೆ ಒಂದು? ಕಡಲತೀರದ ಅಧ್ಯಯನ ಪ್ರವಾಸ ಇದೆಯೇ, ಇದ್ದರೆ ಅದು ವಿಹಾರವೋ ಅಥವಾ ವರದಿ ಬರೆಸುವ ಕೆಲಸವೋ? ಪ್ರವಾಸದಲ್ಲಿ ಅಧ್ಯಾಪಕಿಯರು ಜೊತೆಗಿರುತ್ತಾರೆಯೇ? 2014ರಲ್ಲಿ ಯುಜಿಸಿ ಪ್ರಾಣಿಗಳ ಅಂಗಚ್ಛೇದನವನ್ನು ನಿಲ್ಲಿಸಿದ ಮೇಲೆ ಪ್ರಯೋಗಾಲಯದಲ್ಲಿ ದೇಹರಚನೆ ನೋಡುವ ಅವಕಾಶ ಕಡಿಮೆಯಾಗಿದೆ. ಆದ್ದರಿಂದ ಸಂಗ್ರಹಿಸಿಟ್ಟ ಮಾದರಿಗಳಿಗೂ ಹೊರಾಂಗಣ ಕಲಿಕೆಗೂ ಬೆಲೆ ಹೆಚ್ಚಿದೆ. ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಕೊಡುವ ಸಾಧಾರಣ ಶುಲ್ಕದ ಸರ್ಕಾರಿ ಕಾಲೇಜು, ಉತ್ತರ ಕೊಡಲಾಗದ ದುಬಾರಿ ಕಾಲೇಜಿಗಿಂತ ಮೇಲು. ಉಳಿದ ದುಡ್ಡು ತೀರಕ್ಕೆ ಹೋಗಿಬರುವ ಖರ್ಚಿಗೆ ಆಗುತ್ತದೆ.

ಎರಡನೆಯ ದಾರಿ: ಸಂಶೋಧನಾ ಸಂಸ್ಥೆಗಳು

ಪ್ರವೇಶ ಪರೀಕ್ಷೆಗೆ ಗಟ್ಟಿಯಾಗಿ ತಯಾರಾಗಬಲ್ಲವರಿಗೆ ಊರಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಬಿ.ಎಸ್ಸಿ. ಸಂಶೋಧನಾ ಪದವಿ ಇದೆ. 2011ರಲ್ಲಿ ಶುರುವಾದ ಈ ಓದಿನಲ್ಲಿ ಜೀವಶಾಸ್ತ್ರದ ವಿದ್ಯಾರ್ಥಿಯೂ ಮೊದಲು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಹಾದುಬರಬೇಕು. ಕೊನೆಯ ವರ್ಷ ಸಂಶೋಧನೆಗೆ ಮೀಸಲು. ಕಡಲಾಮೆಗಳ ಬಗ್ಗೆ ದೀರ್ಘಕಾಲ ಕೆಲಸ ಮಾಡಿರುವ ಕಾರ್ತಿಕ್ ಶಂಕರ್ ಇಲ್ಲಿನ ಪರಿಸರ ವಿಜ್ಞಾನ ಕೇಂದ್ರದ ಪ್ರಾಧ್ಯಾಪಕರು. ಕಡಲಿಲ್ಲದ ಬೆಂಗಳೂರಿನಲ್ಲೇ ಕಡಲ ವಿಜ್ಞಾನ ನಡೆಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪುಣೆ, ತಿರುವನಂತಪುರ, ತಿರುಪತಿ, ಬೆರ್ಹಾಂಪುರ ಮುಂತಾದ ಏಳು ಕಡೆ ಇರುವ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿ, ಅಂದರೆ ಐಸರ್‌ಗಳಲ್ಲಿ ಐದು ವರ್ಷದ ಬಿ.ಎಸ್.–ಎಂ.ಎಸ್. ಓದು ಇದೆ. ಒಡಿಶಾದ ಬೆರ್ಹಾಂಪುರ ಇರುವ ಗಂಜಾಂ ಜಿಲ್ಲೆಯಲ್ಲೇ ಆಲಿವ್ ರಿಡ್ಲಿ ಆಮೆಗಳು ಸಾವಿರಗಟ್ಟಲೆ ದಡಕ್ಕೆ ಬಂದು ಮೊಟ್ಟೆಯಿಡುವ ಋಷಿಕುಲ್ಯಾ ತೀರವಿದೆ. ಈ ಸಂಸ್ಥೆಗಳ ಓದು ಕಠಿಣ, ಸ್ಪರ್ಧೆ ತೀವ್ರ. ಆದರೆ ಇಲ್ಲಿಂದ ಹೊರಬಂದವರಿಗೆ ಸಂಶೋಧನೆಯ ಬಾಗಿಲು ದೇಶದಲ್ಲೂ ಹೊರಗೂ ತೆರೆದಿರುತ್ತದೆ. ಸೀಟು ಸಿಗದಿದ್ದರೆ ಕಡಲು ಕೈತಪ್ಪಿತೆಂದು ಕೊರಗಬೇಕಿಲ್ಲ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಸಾಮಾನ್ಯ ಕಾಲೇಜಿನ ಬಿ.ಎಸ್ಸಿ. ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು.

ಮೂರನೆಯ ದಾರಿ: ಮಂಗಳೂರಿನ ಬಿ.ಎಫ್.ಎಸ್ಸಿ.

ದೇಶದ ಮೊದಲ ಮೀನುಗಾರಿಕಾ ಕಾಲೇಜು ತೆರೆದದ್ದು ನಮ್ಮ ಮಂಗಳೂರಿನಲ್ಲಿ, 1969ರಲ್ಲಿ. ಮೊದಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದ್ದ ಅದು ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ನಾಲ್ಕು ವರ್ಷದ ಬಿ.ಎಫ್.ಎಸ್ಸಿ.ಯ ರಾಜ್ಯದ ಸೀಟುಗಳು ಸಿಇಟಿ ಮೂಲಕ ತುಂಬುತ್ತವೆ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಸಿಗಡಿಗೆ ತಗಲುವ ರೋಗಗಳ ಬಗ್ಗೆ ಹೆಸರು ಮಾಡಿದ ಇಡ್ಯ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ದಂಪತಿ ಕೆಲಸ ಮಾಡಿದ್ದು ಈ ಕಾಲೇಜಿನಲ್ಲೇ.

ಇಲ್ಲಿ ಗೊಂದಲ ಬೇಡ. ಮೀನುಗಾರಿಕಾ ವಿಜ್ಞಾನ ಮತ್ತು ಕಡಲ ಜೀವಶಾಸ್ತ್ರ ಹತ್ತಿರದ ನೆಂಟರು, ಒಂದೇ ಅಲ್ಲ. ಬಿ.ಎಫ್.ಎಸ್ಸಿ.ಯಲ್ಲಿ ಕಡಲ ಜೀವಶಾಸ್ತ್ರ, ಸಾಗರಶಾಸ್ತ್ರ, ಮೀನಿನ ವರ್ಗೀಕರಣದ ಜೊತೆಗೆ ಸಿಹಿನೀರಿನ ಮೀನುಕೃಷಿ, ಸಂಸ್ಕರಣೆ, ಬಲೆ ಮತ್ತು ದೋಣಿ, ಮೀನುಗಾರರ ಬಳಿಗೆ ತಿಳಿವಳಿಕೆ ಒಯ್ಯುವ ವಿಸ್ತರಣಾ ಕೆಲಸವೂ ಸೇರಿವೆ. ಜನರಿಗೆ ಆಹಾರವಾಗುವ ಮೀನಿನ ಮೇಲೆ, ಅದನ್ನು ಹಿಡಿಯುವವರ ಬದುಕಿನ ಮೇಲೆ ಆಸಕ್ತಿ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಪದವಿ ಇಲ್ಲ. ಮುಂದೆ ಎಂ.ಎಫ್.ಎಸ್ಸಿ. ಓದಲು, ರಾಜ್ಯದ ಮೀನುಗಾರಿಕೆ ಇಲಾಖೆಯಲ್ಲಿ ಅಧಿಕಾರಿಯಾಗಲು ಇದೇ ನೇರ ದಾರಿ. ಸಾಮಾನ್ಯ ಬಿ.ಎಸ್ಸಿ. ಓದಿದವರಿಗೆ ಎಂ.ಎಫ್.ಎಸ್ಸಿ.ಯ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಈ ಒಂದು ಸಂಗತಿ ಪಿಯು ಮುಗಿಸುವ ಹೊತ್ತಿಗೇ ಗೊತ್ತಿರಬೇಕು, ಆಮೇಲೆ ತಿದ್ದಿಕೊಳ್ಳುವುದು ಕಷ್ಟ. ತಿಮಿಂಗಿಲ, ಹವಳ, ಕಡಲಾಮೆಗಳ ನಡವಳಿಕೆಯೇ ಮುಖ್ಯವೆನ್ನುವವರು ಮೊದಲ ಎರಡು ದಾರಿಗಳಲ್ಲಿ ಹೋಗುವುದು ಲೇಸು.

ಪದವಿಯ ಆಚೆ

ಎಂ.ಎಸ್ಸಿ. ಹಂತದಲ್ಲಿ ನಮ್ಮ ರಾಜ್ಯದ ಮುಖ್ಯ ವಿಳಾಸ ಕಾರವಾರ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ 1970ರ ದಶಕದಿಂದ ಅಲ್ಲಿನ ಕೋಡಿಬಾಗದಲ್ಲಿದೆ. ಒಂದು ಕಡೆ ಕಾಳಿ ನದಿಯ ಅಳಿವೆ ಮತ್ತು ಕಾಂಡ್ಲಾ ಕಾಡು, ಇನ್ನೊಂದು ಕಡೆ ಅರಬ್ಬಿ ಸಮುದ್ರ. ಹೊರಗೆ ಹೋಗುವವರಿಗೆ ಗೋವಾ ವಿಶ್ವವಿದ್ಯಾಲಯ, ಕೊಚ್ಚಿಯ ಕುಸಾಟ್ ಮತ್ತು ಕುಫೋಸ್ ವಿಶ್ವವಿದ್ಯಾಲಯಗಳು, ತಮಿಳುನಾಡಿನ ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರ, ಅಂಡಮಾನಿನಲ್ಲಿರುವ ಪಾಂಡಿಚೇರಿ ವಿಶ್ವವಿದ್ಯಾಲಯದ ವಿಭಾಗ ಇವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವನ್ಯಜೀವಿ ಎಂ.ಎಸ್ಸಿ. ಎರಡು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆ. ಅಲ್ಲಿ ಪದವಿಯ ವಿಷಯಕ್ಕಿಂತ ಆಸಕ್ತಿ, ಓದು, ಕ್ಷೇತ್ರಾನುಭವಕ್ಕೆ ಬೆಲೆ.

ಕಾಲೇಜು ಕಲಿಸದಿದ್ದರೂ ಕಲಿಯಬಹುದಾದ್ದು

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮೀನಿನ ಸಾಲಿಗೆ ಬೆಳಿಗ್ಗೆ ಹೋಗಿ ಒಂದು ಬಂಗುಡೆಯನ್ನೂ ಒಂದು ಅಂಜಲ್ ಮೀನಿನ ತಲೆಯನ್ನೂ ತನ್ನಿ. ಬಂಗುಡೆಯ ಬಾಯಿ ಅಗಲಿಸಿದರೆ ಕಿವಿರಿನ ಕಮಾನುಗಳಿಂದ ನೀಳವಾದ, ಒತ್ತೊತ್ತಾದ ಎಳೆಗಳು ಬಾಯೊಳಕ್ಕೆ ಚಾಚಿರುವುದು ಬರಿಗಣ್ಣಿಗೇ ಕಾಣುತ್ತದೆ. ನೀರು ಕಿವಿರಿನಿಂದ ಹೊರಹೋಗುವಾಗ ಸೂಕ್ಷ್ಮ ಪ್ಲವಕಗಳನ್ನು ಈ ಎಳೆಗಳು ಸೋಸಿ ಉಳಿಸಿಕೊಳ್ಳುತ್ತವೆ. ಅಂಜಲ್‌ನ ಕಿವಿರಿನಲ್ಲಿ ಅಂಥ ಎಳೆಗಳು ಬೆರಳೆಣಿಕೆಯಷ್ಟು, ಅವೂ ಮೋಟು. ಬದಲಿಗೆ ದವಡೆಯಲ್ಲಿ ಚೂಪಾದ ಹಲ್ಲುಗಳಿವೆ, ಅದು ಮೀನನ್ನೇ ಬೇಟೆಯಾಡುವ ಮೀನು. ಎರಡೂ ಒಂದೇ ಕುಟುಂಬಕ್ಕೆ ಸೇರಿದವು. ಊಟಕ್ಕೆ ತಕ್ಕಂತೆ ದೇಹ ಹೇಗೆ ಬೇರೆಯಾಗುತ್ತದೆಂಬ ಪಾಠ ಅಡುಗೆಮನೆಯ ಕಟ್ಟೆಯ ಮೇಲೇ ಆಗಿಹೋಗುತ್ತದೆ. ನಂಗು ಮೀನಿನ ಎರಡೂ ಕಣ್ಣು ಎಡಮಗ್ಗುಲಿನಲ್ಲೇ ಇರುವುದು, ಗಂಡು ಏಡಿಯ ಹೊಟ್ಟೆಯ ಪಟ್ಟಿ ಕಿರಿದಾಗಿ ಹೆಣ್ಣಿನದು ಅಗಲವಾಗಿರುವುದು ಮುಂದಿನ ಪಾಠಗಳು. ಇಂಡೋನೇಷ್ಯಾದ ಸೀಲಕಾಂತ್ ಮೀನು ವಿಜ್ಞಾನಿಗಳ ಕಣ್ಣಿಗೆ ಮೊದಲು ಬಿದ್ದದ್ದು 1997ರಲ್ಲಿ, ಸುಲವೇಸಿಯ ಒಂದು ಮೀನುಪೇಟೆಯಲ್ಲಿ. ಪೇಟೆಯನ್ನು ಹಗುರವಾಗಿ ಕಾಣಬಾರದು.

ವರ್ಷವಿಡೀ ಅದೇ ಸಾಲಿಗೆ ಹೋಗುತ್ತಿದ್ದರೆ ಋತುಮಾನವೂ ತಿಳಿಯುತ್ತದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಯಾವ ತಿಂಗಳು ಯಾವ ಮೀನು ಬಂತು, ಎಷ್ಟು ಉದ್ದವಿತ್ತು, ಮೊಟ್ಟೆ ತುಂಬಿತ್ತೇ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟವರು ಎಂ.ಎಸ್ಸಿ. ಸಂದರ್ಶನದಲ್ಲಿ ಬಾಯಿಪಾಠ ಒಪ್ಪಿಸಬೇಕಾಗಿಲ್ಲ.

ಹಲಸೂರು ಕೆರೆಯೂ ಪಾಠಶಾಲೆಯೇ. 2016ರ ಮಾರ್ಚ್‌ನಲ್ಲಿ ಅಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ್ದನ್ನು ಊರು ಮರೆತಿಲ್ಲ. ಅಂಥ ಸಾವಿಗೆ ಆಮ್ಲಜನಕದ ಕೊರತೆ ಕಾರಣವೇ ಎಂದು ನೋಡಲು, ನೀರಿನಲ್ಲಿ ಕರಗಿರುವ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನ ಪದವಿ ತರಗತಿಗಳಲ್ಲಿದೆ. ಗಾಳಿಗುಳ್ಳೆ ಸೇರದಂತೆ ಶೀಶೆ ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಗಷ್ಟು ಕೆಳಗಿಳಿಯುತ್ತದೆ, ಇಲ್ಲದಿದ್ದರೆ ಬಿಳಿಯಾಗೇ ಉಳಿಯುತ್ತದೆ. ಸಂಶೋಧನಾ ಹಡಗುಗಳ ಮೇಲೂ ಇದೇ ವಿಧಾನ ಬಳಕೆಯಲ್ಲಿದೆ. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1000 ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆಯಿರುವ ಪದರವಿದೆ. ಮುಂಗಾರಿನ ಕಾಲದಲ್ಲಿ ತಳದ ನೀರು ಮೇಲೆದ್ದು ಬಂದು ನಮ್ಮ ಕರಾವಳಿಯ ಬಳಿಯೂ ಆಮ್ಲಜನಕ ಕುಸಿಯುತ್ತದೆ. ಇದು ತೀವ್ರವಾಗುತ್ತಿರುವುದನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದರು. ಕಾಂಬಿನೇಷನ್‌ನಲ್ಲಿ ರಸಾಯನಶಾಸ್ತ್ರ ಇರಲಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ಈಜು ಬಾರದಿದ್ದರೆ ಹಲಸೂರು ಕೆರೆಯ ಪಕ್ಕದ ಕೆನ್ಸಿಂಗ್ಟನ್ ಈಜುಕೊಳದಂಥ ಕಡೆ ಈಗಲೇ ಕಲಿಯುವುದು ಒಳ್ಳೆಯದು. ಸ್ಕೂಬಾ ಆಮೇಲಿನ ಮಾತು. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮುರ್ಡೇಶ್ವರಕ್ಕೆ ನೇರ ರೈಲಿದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಇಳಿತದ ವೇಳೆ ನೋಡಿಕೊಂಡು ಬಂಡೆಗಳ ನಡುವಿನ ನೀರುಹೊಂಡಗಳನ್ನು ಜೊತೆಯವರೊಂದಿಗೆ ಗಮನಿಸಬಹುದು. ಮಳೆಗಾಲದಲ್ಲಿ ಆ ಬಂಡೆಗಳ ಕಡೆ ಹೋಗಲೇಬಾರದು.

ಕೆಲಸದ ಮಾತು

ಹೆತ್ತವರ ಆತಂಕ ಸಕಾರಣವಾದದ್ದು. ಬಿ.ಎಸ್ಸಿ. ಮಾತ್ರದಿಂದ ಕಡಲ ಜೀವಶಾಸ್ತ್ರಜ್ಞರ ಹುದ್ದೆ ಸಿಗುವುದು ಅಪರೂಪ. ಎಂ.ಎಸ್ಸಿ., ಹೆಚ್ಚಿನ ವೇಳೆ ಪಿಎಚ್.ಡಿ. ಬೇಕು. ನಡುವೆ ಕಡಿಮೆ ಸಂಬಳದ ಪ್ರಾಜೆಕ್ಟ್ ಹುದ್ದೆಗಳಲ್ಲಿ ಕೆಲವು ವರ್ಷ ಕಳೆಯಬೇಕಾಗಬಹುದು. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದು ಸರಿಯಲ್ಲ. ಹಾಗೆಯೇ, ಅವಕಾಶವೇ ಇಲ್ಲವೆನ್ನುವುದೂ ನಿಜವಲ್ಲ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೆ ಮಂಗಳೂರು, ಕಾರವಾರಗಳಲ್ಲೂ ಕೇಂದ್ರಗಳಿವೆ. ಗೋವಾದ ಸಾಗರವಿಜ್ಞಾನ ಸಂಸ್ಥೆ, ಸಂಶೋಧನಾ ನೌಕೆ ಸಾಗರ್ ಸಂಪದಾ ನಡೆಸುವ ಕೊಚ್ಚಿಯ ಕಡಲ ಜೀವ ಸಂಪನ್ಮೂಲ ಕೇಂದ್ರ, ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಇವೆ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್, 1998ರಿಂದ ಲಕ್ಷದ್ವೀಪದ ಹವಳಗಳನ್ನು ಗಮನಿಸುತ್ತಿರುವ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಕೂಡ ಯುವ ಸಂಶೋಧಕರೊಂದಿಗೆ ಕೆಲಸ ಮಾಡುತ್ತವೆ.

ಕಡಲ ಜೀವಶಾಸ್ತ್ರ ಬಲ್ಲವರ ಅಗತ್ಯ ನಮ್ಮ ಕರಾವಳಿಗೆ ಎಷ್ಟಿದೆಯೆಂದು ಹೊನ್ನಾವರದ ಕಾಸರಕೋಡು ಟೊಂಕ ತೋರಿಸಿಕೊಟ್ಟಿದೆ. ಕಡಲಾಮೆ ಮೊಟ್ಟೆಯಿಡುವ ಮರಳದಂಡೆಯ ಬಳಿ ಖಾಸಗಿ ಬಂದರು ಯೋಜನೆ ಬಂದಾಗ, ಮೀನುಗಾರರ ಅನುಭವ ಒಂದು ಕಡೆ, ಯೋಜನೆಯ ಪರಿಸರ ವರದಿ ಇನ್ನೊಂದು ಕಡೆ ನಿಂತಿತು. ಅಂಥ ವರದಿಯನ್ನು ಓದಿ, ತೀರಕ್ಕೆ ಹೋಗಿ ಎಣಿಸಿ, ಸರಿ ತಪ್ಪುಗಳನ್ನು ಕನ್ನಡದಲ್ಲೇ ಊರಿನವರಿಗೆ ಬಿಡಿಸಿ ಹೇಳಬಲ್ಲ ಜೀವಶಾಸ್ತ್ರಜ್ಞರು ನಮ್ಮಲ್ಲಿ ಬೆರಳೆಣಿಕೆಯಷ್ಟು.

ಕೊನೆಯ ತೀರ್ಮಾನ

ಇಡೀ ಚಿತ್ರ ನೋಡಿದ ಮೇಲೆ ಆಯ್ಕೆ ಅಷ್ಟೇನೂ ಜಟಿಲವಲ್ಲ. ಮೀನುಗಾರಿಕೆಯೇ ಸೆಳೆತವಾದರೆ ಸಿಇಟಿ ಬರೆದು ಮಂಗಳೂರಿಗೆ ಹೋಗಿ. ಸಂಶೋಧನೆಯೇ ಗುರಿ, ಪ್ರವೇಶ ಪರೀಕ್ಷೆ ಎದುರಿಸುವ ಕಸುವೂ ಇದೆ ಎಂದಾದರೆ ವಿಜ್ಞಾನ ಸಂಸ್ಥೆ ಅಥವಾ ಐಸರ್‌ಗೆ ಪ್ರಯತ್ನಿಸಿ. ಉಳಿದವರಿಗೆ ಮನೆಯ ಹತ್ತಿರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವೂ ರಸಾಯನಶಾಸ್ತ್ರವೂ ಇರುವ ಬಿ.ಎಸ್ಸಿ., ಜೊತೆಗೆ ಸಂಖ್ಯಾಶಾಸ್ತ್ರ, ವರ್ಷಕ್ಕೊಮ್ಮೆಯಾದರೂ ಕರಾವಳಿಯ ಕೆಲಸ, ಆಮೇಲೆ ಕಾರವಾರ ಅಥವಾ ಅಂಥ ಕಡೆ ಎಂ.ಎಸ್ಸಿ. ಮೂರೂ ಮರ್ಯಾದೆಯ ದಾರಿಗಳೇ. ನೀಟ್‌ನಲ್ಲಿ ಸೀಟು ಸಿಗದವರ ಕೊನೆಯ ಆಯ್ಕೆಯೆಂದು ಇವನ್ನು ಕಾಣುವುದನ್ನು ನಾವು ಬಿಡಬೇಕು.

ಬೆಂಗಳೂರಿನ ಕಾಲೇಜುಗಳ ಮೇಲೂ ಒಂದು ಹೊಣೆಯಿದೆ. ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದಲ್ಲಿ ಅಳಿವೆ, ಕಾಂಡ್ಲಾ, ಬಂಡೆತೀರ, ಮೀನು ಬಂದರು ಎಲ್ಲವೂ ಇರುವಾಗ, ಜೀವಶಾಸ್ತ್ರದ ಪ್ರತಿ ವಿದ್ಯಾರ್ಥಿಯನ್ನೂ ಪದವಿ ಮುಗಿಯುವುದರೊಳಗೆ ಒಮ್ಮೆಯಾದರೂ ಅಲ್ಲಿಗೆ ಕರೆದೊಯ್ದು ಕೆಲಸ ಮಾಡಿಸುವುದು ಪಠ್ಯದ ಭಾಗವೇ ಆಗಬೇಕು. ಶುಲ್ಕ ಕಟ್ಟುವ ಮುನ್ನ ಹೆತ್ತವರು ಇದನ್ನು ಗಟ್ಟಿಯಾಗಿ ಕೇಳಿದರೆ ಕಾಲೇಜುಗಳೂ ಉತ್ತರ ಕಂಡುಕೊಳ್ಳಲೇಬೇಕಾಗುತ್ತದೆ.